ಇನ್ನೋವಾ ಅಭಿಮಾನಿಗಳು ಯಾಕೆ ಎರಡು ಪಾಲಾದರು? ಹೈಕ್ರಾಸ್ ಹೈಬ್ರಿಡ್‌ನ ಒಳಗಿನ ಕಥೆ

ಹುಬ್ಬಳ್ಳಿ-ಧಾರವಾಡದ ಕಡೆ ದೊಡ್ಡ ಕುಟುಂಬಕ್ಕೊಂದು ಗಾಡಿ ಅಂದರೆ ಬಹಳ ಜನರ ಬಾಯಲ್ಲಿ ಮೊದಲು ಬರುವ ಹೆಸರು ಇನ್ನೋವಾ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಿರಲಿ, ಹಾವೇರಿಯ ಮದುವೆಗೆ ಹೋಗುವುದಿರಲಿ, ಏಳು ಮಂದಿ ಮತ್ತು ಬುತ್ತಿ ಗಂಟು ಎಲ್ಲ ಒಂದೇ ಗಾಡಿಯಲ್ಲಿ. ಈಗ ಆ ಹೆಸರು ಎತ್ತಿದರೆ ಸಾಕು, ವಾದ ಶುರುವಾಗುತ್ತದೆ. ಹಳೆಯ ಡೀಸೆಲ್ ಕ್ರಿಸ್ಟಾವೋ, ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೊಸ ಹೈಬ್ರಿಡ್ ಹೈಕ್ರಾಸೋ? ಒಂದು ಗುಂಪಿಗೆ ಹೈಕ್ರಾಸ್‌ನಲ್ಲಿ ‘ದಮ್’ ಇಲ್ಲ. ಇನ್ನೊಂದು ಗುಂಪಿಗೆ ಅದರ ಎವರೇಜ್ ಮುಂದೆ ಬೇರೆ ಯಾವ ಮಾತೂ ನಿಲ್ಲುವುದಿಲ್ಲ.

ಎರಡೂ ಗುಂಪಿನ ಮಾತಿನಲ್ಲಿ ಹುರುಳಿದೆ. ಗಾಡಿ ಒಂದೇ ಆದರೂ ಅವರ ಮನಸ್ಸಿನಲ್ಲಿರುವ ದಾರಿ ಬೇರೆ ಬೇರೆ. ಒಬ್ಬರ ತಲೆಯಲ್ಲಿ ಚನ್ನಮ್ಮ ಸರ್ಕಲ್‌ನ ಟ್ರಾಫಿಕ್ ಇದೆ, ಇನ್ನೊಬ್ಬರ ತಲೆಯಲ್ಲಿ ನವಲಗುಂದದ ಎರೆ ಹೊಲದ ದಾರಿ. ಗಾಡಿಯ ಒಳಗೆ ಏನು ಬದಲಾಗಿದೆ ಅಂತ ಗೊತ್ತಾದರೆ ಯಾರ ದೂರು ನಮಗೆ ಸಂಬಂಧಿಸಿದ್ದು, ಯಾರದ್ದು ಅಲ್ಲ ಅಂತ ನಾವೇ ತೀರ್ಮಾನಿಸಬಹುದು.

ಸ್ವಲ್ಪ ಹಿಂದಿನಿಂದ ನೋಡೋಣ. ಟೊಯೋಟಾ ನಮ್ಮಲ್ಲಿ 2000ದಲ್ಲಿ ಕ್ವಾಲಿಸ್ ತಂದಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು, 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂತು. ಈ ಮೂರೂ ಗಾಡಿಗಳ ಹೊರ ರೂಪ ಬದಲಾಗುತ್ತ ಬಂದರೂ ಒಳಗಿನ ಲೆಕ್ಕ ಒಂದೇ ಆಗಿತ್ತು. ಕೆಳಗೆ ಗಟ್ಟಿ ಚಾಸಿ, ಮುಂದೆ ಉದ್ದುದ್ದ ಕೂತ ಎಂಜಿನ್, ಹಿಂದಿನ ಗಾಲಿಗೆ ಎಳೆತ. ಹೆಚ್ಚಿನವರು ತಗೊಂಡಿದ್ದು ಡೀಸೆಲ್ಲನ್ನೇ. 2022ರ ನವೆಂಬರ್ 25ರಂದು ಹೈಕ್ರಾಸ್ ಹೊರಗೆ ಬಂದಾಗ ಇದೆಲ್ಲ ಒಂದೇ ಏಟಿಗೆ ಹೋಯಿತು. ಬೇರೆ ಚಾಸಿ ಇಲ್ಲ, ಡೀಸೆಲ್ ಇಲ್ಲ, ಎಳೆತ ಮುಂದಿನ ಗಾಲಿಗೆ. ಮುಖ ಮಾತ್ರ ಎಸ್‌ಯುವಿಯ ಹಾಗೆ ಎತ್ತರವಾಗಿ, ಅಗಲವಾಗಿ ಬಂತು. ಹೆಸರು ಹಳೆಯದು, ಗಾಡಿ ಪೂರ್ತಿ ಹೊಸದು. ಅಭಿಮಾನಿಗಳಿಗೆ ಅಷ್ಟು ತಾಗಿದ್ದು ಇದಕ್ಕೇ. ಟೊಯೋಟಾ ಕಿರ್ಲೋಸ್ಕರ್‌ನ ವಿಕ್ರಮ್ ಕಿರ್ಲೋಸ್ಕರ್ ಈ ಗಾಡಿಯ ಅನಾವರಣವಾದ ನಾಲ್ಕೇ ದಿನಕ್ಕೆ ತೀರಿಕೊಂಡರು. ಟೊಯೋಟಾವನ್ನು ಬಿಡದಿಗೆ ಕರೆತಂದವರಲ್ಲಿ ಅವರು ಮುಖ್ಯರು. ಹೈಕ್ರಾಸ್ ತಯಾರಾಗುವುದೂ ಅದೇ ಬಿಡದಿಯಲ್ಲಿ.

ಮೊದಲು ಚಾಸಿಯ ಮಾತು. ಕ್ರಿಸ್ಟಾದ ಕೆಳಗೆ ಏಣಿಯ ಆಕಾರದ ಉಕ್ಕಿನ ಚೌಕಟ್ಟು ಇದೆ. ಅದರ ಮೇಲೆ ಬಾಡಿಯನ್ನು ಬೇರೆಯಾಗಿ ಕೂರಿಸುತ್ತಾರೆ. ಲಾರಿಗಳಲ್ಲಿ ಇರುವುದೂ ಇದೇ ಪದ್ಧತಿ. ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನುವುದು ಚೌಕಟ್ಟು, ಹಾಗಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ಬಾಡಿ ಸಡಿಲವಾಗುವುದಿಲ್ಲ ಅನ್ನುವ ನಂಬಿಕೆ ಬಾಡಿಗೆ ಗಾಡಿಯವರಲ್ಲಿ ಬಲವಾಗಿದೆ. ಹೈಕ್ರಾಸ್‌ನಲ್ಲಿ ಚೌಕಟ್ಟು ಮತ್ತು ಬಾಡಿ ಎರಡೂ ಒಂದೇ. ಇದಕ್ಕೆ ಮೋನೊಕಾಕ್ ಅಂತಾರೆ. ಇವತ್ತಿನ ಹೆಚ್ಚಿನ ಕಾರುಗಳು ಹೀಗೇ ಇವೆ.

ಇದರಿಂದ ಸಿಕ್ಕಿದ್ದೇನು? ಗಾಡಿ ಸುಮಾರು ಇನ್ನೂರು ಕೆ.ಜಿ ಹಗುರವಾಯಿತು. ಹಿಂದಿನ ಗಾಲಿಗೆ ಹೋಗುವ ಶಾಫ್ಟ್ ಇಲ್ಲದ್ದರಿಂದ ನೆಲ ಸಪಾಟಾಗಿ ಕೆಳಗಿಳಿಯಿತು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಇರುವ ಅಂತರ 2750 ಮಿ.ಮೀ.ನಿಂದ 2850 ಮಿ.ಮೀ.ಗೆ ಹೋಯಿತು. ಈ ನೂರು ಮಿಲಿಮೀಟರ್ ಸೇರಿದ್ದು ಒಳಗಿನ ಜಾಗಕ್ಕೆ. ಮೂರನೇ ಸಾಲಿನಲ್ಲಿ ಕೂತವರಿಗೆ ಇದು ಗೊತ್ತಾಗುತ್ತದೆ. ವಯಸ್ಸಾದವರಿಗೆ ಹತ್ತಿ ಇಳಿಯುವುದೂ ಹಗುರ. ಮಂಡಿ ನೋವಿರುವ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಈ ಒಂದು ಕಾರಣಕ್ಕೇ ನಾನು ಹೈಕ್ರಾಸ್ ಕಡೆ ವಾಲುತ್ತೇನೆ. ಇನ್ನು ಮೋನೊಕಾಕ್ ಅಂದರೆ ಮೆತ್ತಗಿನದು ಅನ್ನುವ ಮಾತು ಬರೀ ಹೆದರಿಕೆ. 2025ರಲ್ಲಿ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಹೈಕ್ರಾಸ್ ಐದು ಸ್ಟಾರ್ ಪಡೆದಿದೆ. ಡಿಕ್ಕಿಯ ಸಮಯದಲ್ಲಿ ಪೆಟ್ಟನ್ನು ಎಲ್ಲಿ ಹೀರಬೇಕು, ಎಲ್ಲಿ ತಡೆಯಬೇಕು ಅನ್ನುವುದನ್ನು ಒಂದೇ ಬಾಡಿಯಲ್ಲಿ ಲೆಕ್ಕ ಹಾಕಿ ಕಟ್ಟುವುದು ಸುಲಭ. ದಿನಾ ಕಲ್ಲುದಾರಿಯಲ್ಲಿ ತುಂಬಿದ ಲೋಡ್ ಹೊತ್ತು ವರ್ಷಾನುಗಟ್ಟಲೆ ಓಡುವ ಕೆಲಸಕ್ಕೆ ಏಣಿ ಚೌಕಟ್ಟು ಈಗಲೂ ಒಂದು ಕೈ ಮೇಲು ಅನ್ನುವುದು ಮಾತ್ರ ನಿಜ.

ಇನ್ನು ಹೈಬ್ರಿಡ್. ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಬೇಕು. 2015ರಿಂದ ನಮ್ಮಲ್ಲಿ ‘ಸ್ಮಾರ್ಟ್ ಹೈಬ್ರಿಡ್’ ಅನ್ನುವ ಹೆಸರಿನಲ್ಲಿ ಗಾಡಿಗಳು ಮಾರಾಟವಾಗುತ್ತಿವೆ. ಅವುಗಳಲ್ಲಿ ಇರುವುದು ಒಂದು ಸಣ್ಣ ಮೋಟರ್. ಅದು ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ನನ್ನು ಚಾಲೂ ಮಾಡುತ್ತದೆ, ಪಿಕಪ್‌ಗೆ ಸ್ವಲ್ಪ ಕೈ ಜೋಡಿಸುತ್ತದೆ, ಅಷ್ಟೇ. ಅದೊಂದೇ ಗಾಡಿಯನ್ನು ಎಳೆಯಲಾರದು. ಅದು ಮೈಲ್ಡ್ ಹೈಬ್ರಿಡ್. ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾದ ಮೇಲಿನ ಮಾಡೆಲ್‌ಗಳಲ್ಲಿ ಇರುವುದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ಎಂಜಿನ್ ಪೂರ್ತಿ ಬಂದ್ ಇದ್ದಾಗಲೂ ಮೋಟರ್ ಒಂದೇ ಗಾಡಿಯನ್ನು ಓಡಿಸಬಲ್ಲದು. ‘ನಮ್ಮ ಹೈಬ್ರಿಡ್ ಗಾಡಿ ಎವರೇಜ್ ಏನೂ ಜಾಸ್ತಿ ಕೊಡಲಿಲ್ಲ’ ಅನ್ನುವವರು ಇದ್ದರೆ, ಯಾವ ಹೈಬ್ರಿಡ್ ಅಂತ ಮೊದಲು ಕೇಳಿ. ಮತ್ತೊಂದು ಮಾತು, ಇದಕ್ಕೆ ಚಾರ್ಜಿಂಗ್ ವೈರ್ ಇಲ್ಲ. ರಾತ್ರಿ ಮನೆಯಲ್ಲಿ ಪ್ಲಗ್ ಹಾಕುವ ಕೆಲಸವೇ ಇಲ್ಲ.

ಹೈಕ್ರಾಸ್‌ನ ಮುಂಭಾಗದಲ್ಲಿ 2 ಲೀಟರ್ ಪೆಟ್ರೋಲ್ ಎಂಜಿನ್ ಇದೆ. ಅದರ ಜೊತೆ ಎರಡು ವಿದ್ಯುತ್ ಮೋಟರ್‌ಗಳಿವೆ. ಒಂದು ದೊಡ್ಡದು, ಗಾಲಿಗೆ ಎಳೆತ ಕೊಡುತ್ತದೆ. ಇನ್ನೊಂದು ಮುಖ್ಯವಾಗಿ ಜನರೇಟರ್, ಎಂಜಿನ್ ಶಕ್ತಿಯಿಂದ ವಿದ್ಯುತ್ ತಯಾರಿಸುತ್ತದೆ, ಎಂಜಿನ್ ಚಾಲೂ ಮಾಡುವುದೂ ಅದೇ. ಈ ಮೂರನ್ನೂ ಒಂದು ಗ್ರಹಗತಿ ಗಿಯರ್ ಜೋಡಿಸುತ್ತದೆ. ನಡುವೆ ಒಂದು ಗಿಯರ್, ಸುತ್ತ ತಿರುಗುವ ಸಣ್ಣ ಗಿಯರ್‌ಗಳು, ಹೊರಗೆ ಒಂದು ಉಂಗುರ. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ, ಒಂದು ಸಡಿಲ ಬಿಟ್ಟಾಗ ಇನ್ನೊಂದು ಎಳೆಯುತ್ತದೆ, ಏರು ಬಂದಾಗ ಎರಡೂ ಕೂಡಿ ಎಳೆಯುತ್ತವೆ. ಎಂಜಿನ್ 152 ಪಿಎಸ್ (ಅಶ್ವಶಕ್ತಿಯ ಅಳತೆ), ಎರಡೂ ಕೂಡಿದರೆ 186 ಪಿಎಸ್. ಕ್ಲಚ್ ಇಲ್ಲ, ಒಂದು ಎರಡು ಮೂರು ಅಂತ ಬದಲಾಗುವ ಗಿಯರೂ ಇಲ್ಲ. ಇದಕ್ಕೆ ಇ-ಸಿವಿಟಿ ಅನ್ನುತ್ತಾರೆ. ಹೆಸರಿನಲ್ಲಿ ಸಿವಿಟಿ ಇದ್ದರೂ ಮಾಮೂಲಿ ಸಿವಿಟಿ ಆಟೊಮ್ಯಾಟಿಕ್ ಗಿಯರಿನಲ್ಲಿ ಇರುವ ಬೆಲ್ಟ್ ಇದರಲ್ಲಿ ಇಲ್ಲ, ಹಾಗಾಗಿ ಬೆಲ್ಟ್ ಸವೆಯುವ ಚಿಂತೆಯೂ ಇಲ್ಲ.

ಅಭಿಮಾನಿಗಳ ದೊಡ್ಡ ಗೊಣಗು ಹುಟ್ಟುವುದು ಇಲ್ಲೇ. ಬೈಪಾಸ್‌ನಲ್ಲಿ ಲಾರಿ ದಾಟಲು ಎಕ್ಸಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಒಮ್ಮೆಲೇ ಜೋರಾಗಿ ಕೂಗುತ್ತದೆ, ಗಾಡಿಯ ವೇಗ ಅದರ ಹಿಂದೆ ನಿಧಾನವಾಗಿ ಏರಿದಂತೆ ಅನಿಸುತ್ತದೆ. ಗಿಯರ್ ಬದಲಿಸುತ್ತ ಓಡಿಸಿದವರಿಗೆ ಇದು ಸರಿಯೆನಿಸುವುದಿಲ್ಲ. ಕ್ಲಚ್ ಜಾರುತ್ತಿದೆಯೇನೋ ಅನ್ನುವಂಥ ಭಾವನೆ. ಅಸಲಿಗೆ ಏನಾಗುತ್ತಿದೆ ಅಂದರೆ, ಆ ಕ್ಷಣಕ್ಕೆ ಹೆಚ್ಚು ಶಕ್ತಿ ಸಿಗುವ ಆರ್‌ಪಿಎಂಗೆ (ನಿಮಿಷಕ್ಕೆ ತಿರುಗುವ ಸುತ್ತಿಗೆ) ಎಂಜಿನ್ನನ್ನು ಸಿಸ್ಟಂ ನೇರವಾಗಿ ಒಯ್ಯುತ್ತದೆ. ವೇಗ ಏರುವಾಗಲೂ ಅಲ್ಲೇ ಹಿಡಿದಿಡುತ್ತದೆ. ಸದ್ದಿಗೂ ವೇಗಕ್ಕೂ ನಾವು ಕಟ್ಟಿಕೊಂಡಿರುವ ನಂಟು ಇಲ್ಲಿ ಕಡಿದುಹೋಗಿದೆ. ಸದ್ದು ಕೇಳದೆ ಸ್ಪೀಡೋಮೀಟರ್ ಮಾತ್ರ ನೋಡಿದರೆ ಗಾಡಿ ಕ್ರಿಸ್ಟಾಕ್ಕಿಂತ ಚುರುಕಾಗಿಯೇ ಓಡುತ್ತದೆ. ಆದರೂ ಓಡಿಸುವವರ ಖುಷಿ ಅನ್ನುವುದೊಂದು ಇದೆ, ಅದು ಸುಳ್ಳಲ್ಲ. ಕ್ರಿಸ್ಟಾದ ಡೀಸೆಲ್ 1400 ಆರ್‌ಪಿಎಂನಿಂದಲೇ 343 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಮೂರನೇ ಗಿಯರಿನಲ್ಲಿ ಕಾಲಿಟ್ಟರೆ ಬೆನ್ನಿಗೆ ಸಿಗುವ ಆ ನೂಕು ಹೈಕ್ರಾಸ್‌ನಲ್ಲಿ ಇಲ್ಲ. ‘ದಮ್’ ಇಲ್ಲ ಅನ್ನುವವರು ಹೇಳುತ್ತಿರುವುದು ಇದನ್ನೇ.

ಎವರೇಜ್ ವಿಷಯಕ್ಕೆ ಬಂದರೆ ಹೈಬ್ರಿಡ್ ನಮ್ಮ ಹಳೆಯ ತಿಳಿವಳಿಕೆಯನ್ನು ತಲೆಕೆಳಗು ಮಾಡುತ್ತದೆ. ಸಾಮಾನ್ಯ ಗಾಡಿ ಪೇಟೆಯಲ್ಲಿ ಕಡಿಮೆ ಕೊಡುತ್ತದೆ, ಹೈವೇಯಲ್ಲಿ ಜಾಸ್ತಿ ಕೊಡುತ್ತದೆ, ಅಲ್ವಾ? ಸ್ಟ್ರಾಂಗ್ ಹೈಬ್ರಿಡ್ ತನ್ನ ಪೂರ್ತಿ ಬಲ ತೋರಿಸುವುದು ಪೇಟೆಯಲ್ಲೇ. ಸ್ಟೇಶನ್ ರೋಡಿನಲ್ಲಿ ನಿಂತು ನಿಂತು ಹೋಗುವಾಗ ಎಂಜಿನ್ ಬಂದ್ ಇರುತ್ತದೆ, ಮೋಟರ್ ಸದ್ದಿಲ್ಲದೆ ಗಾಡಿಯನ್ನು ತಳ್ಳುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟರ್ ಉಲ್ಟಾ ಕೆಲಸ ಮಾಡಿ ಗಾಲಿಯ ತಿರುಗುವ ಶಕ್ತಿಯಿಂದ ವಿದ್ಯುತ್ ತಯಾರಿಸಿ ಬ್ಯಾಟರಿಗೆ ತುಂಬುತ್ತದೆ. ಮಾಮೂಲಿ ಗಾಡಿಯಲ್ಲಿ ಬ್ರೇಕ್ ಪ್ಯಾಡ್ ಬಿಸಿಯಾಗಿ ಹಾಳಾಗುವ ಶಕ್ತಿ ಇಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಬ್ರೇಕ್ ಪೆಡಲ್ ಮೊದಮೊದಲು ವಿಚಿತ್ರ ಅನಿಸುತ್ತದೆ ಅನ್ನುವ ದೂರಿಗೂ ಕಾರಣ ಇದೇ. ಒಂದೇ ಪೆಡಲ್ ಮೊದಲು ಮೋಟರ್ ಬ್ರೇಕ್, ಆಮೇಲೆ ಎಣ್ಣೆಯ ಬ್ರೇಕ್ ಎರಡನ್ನೂ ನಡೆಸುತ್ತದೆ.

ಎಂಜಿನ್ನೂ ಬೇರೆ ಥರದ್ದು. ಇದಕ್ಕೆ ಅಟ್ಕಿನ್‌ಸನ್ ಪದ್ಧತಿ ಅನ್ನುತ್ತಾರೆ. ಗಾಳಿ ಒಳಗೆ ಬರುವ ವಾಲ್ವನ್ನು ತಡವಾಗಿ ಮುಚ್ಚುತ್ತಾರೆ. ಇದರಿಂದ ಪ್ರತಿ ಹನಿ ಪೆಟ್ರೋಲಿನಿಂದ ಹೆಚ್ಚು ಕೆಲಸ ಹಿಂಡಬಹುದು, ಆದರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗುತ್ತದೆ. ಆ ಕೊರತೆಯನ್ನು ಮೋಟರ್ ತುಂಬುತ್ತದೆ. ಕಂಪನಿ ಹೇಳುವ ಅಧಿಕೃತ ಲೆಕ್ಕ ಲೀಟರಿಗೆ 23.24 ಕಿ.ಮೀ. ಅದು ಪರೀಕ್ಷೆಯ ಅಂಕಿ, ರಸ್ತೆಯ ಮೇಲೆ ಅದಕ್ಕಿಂತ ಕಡಿಮೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನ ಕಡೆ ಒಂದೇ ಸಮನೆ ಜೋರಾಗಿ ಹೊಡೆದರೆ ಇನ್ನೂ ಕಡಿಮೆ. ಅಲ್ಲಿ ಬ್ರೇಕ್ ಒತ್ತುವುದೇ ಅಪರೂಪ, ಹಾಗಾಗಿ ವಾಪಸ್ ಸಿಗುವ ವಿದ್ಯುತ್ತೂ ಕಡಿಮೆ, ಗಾಳಿಯನ್ನು ಸೀಳುವ ಕೆಲಸ ಪೂರ್ತಿ ಎಂಜಿನ್ ಮೇಲೆ. ಹೈವೇಯಲ್ಲಷ್ಟೇ ಓಡಿಸಿ ‘ಇಷ್ಟೇನಾ?’ ಅಂದವರ ಮಾತೂ ನಿಜ, ಪೇಟೆಯಲ್ಲಿ ಓಡಿಸಿ ಹೊಗಳಿದವರ ಮಾತೂ ನಿಜ.

ಒಂದು ಅಂದಾಜು ಲೆಕ್ಕ ಹಾಕೋಣ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ ಅಂತ ಹಿಡಿಯಿರಿ. ಪೇಟೆಯಲ್ಲಿ ಹೈಬ್ರಿಡ್ 17, ಡೀಸೆಲ್ 10 ಕಿ.ಮೀ. ಕೊಟ್ಟರೆ, ಕಿಲೋಮೀಟರಿಗೆ ಹೈಬ್ರಿಡ್ ಖರ್ಚು ಸುಮಾರು 6 ರೂಪಾಯಿ, ಡೀಸೆಲ್ ಖರ್ಚು 9 ರೂಪಾಯಿ ದಾಟುತ್ತದೆ. ವರ್ಷಕ್ಕೆ ಪೇಟೆಯಲ್ಲೇ 10,000 ಕಿ.ಮೀ. ಓಡಿದರೆ ಮೂವತ್ತು ಸಾವಿರ ರೂಪಾಯಿ ಉಳಿತಾಯ. ಅದೇ ತುಂಬಿದ ಗಾಡಿ ಹೈವೇಯಲ್ಲಿ ವೇಗವಾಗಿ ಓಡಿ, ಹೈಬ್ರಿಡ್ 14, ಡೀಸೆಲ್ 13 ಕೊಟ್ಟರೆ? ಆಗ ಹೈಬ್ರಿಡ್‌ಗೆ 7 ರೂಪಾಯಿ 36 ಪೈಸೆ, ಡೀಸೆಲ್‌ಗೆ 7 ರೂಪಾಯಿ. ಡೀಸೆಲ್ಲೇ ಅಗ್ಗ! ಗಾಡಿಯೂ ಅದೇ, ಮಾಲೀಕರೂ ಅವರೇ, ಓಡುವ ದಾರಿ ಬದಲಾದರೆ ಲೆಕ್ಕವೇ ತಿರುಗುತ್ತದೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿ ಹಾಕಿ ನೋಡಿ. ಕೊಳ್ಳುವ ಮುನ್ನ ಕಾಗದದ ಮೇಲೆ ಇಷ್ಟು ಮಾಡಿಕೊಳ್ಳದವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಇಪ್ಪತ್ತು ಲಕ್ಷ ದಾಟುವ ವಸ್ತು ಇದು.

ತೆರಿಗೆಯೂ ಈ ಲೆಕ್ಕದೊಳಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರ ತನಕ ಕ್ರಿಸ್ಟಾದಂಥ ದೊಡ್ಡ ಡೀಸೆಲ್ ಗಾಡಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ 50 ಪರ್ಸೆಂಟ್ ಇತ್ತು, ದೊಡ್ಡ ಹೈಬ್ರಿಡ್‌ಗೆ 43 ಪರ್ಸೆಂಟ್. ಆ ದಿನದಿಂದ ಎರಡಕ್ಕೂ 40 ಪರ್ಸೆಂಟ್. ಗ್ರಾಹಕರಿಗೆ ಎರಡೂ ಅಗ್ಗವಾದವು, ಆದರೆ ಹೈಬ್ರಿಡ್‌ಗೆ ಇದ್ದ ಏಳು ಪರ್ಸೆಂಟಿನ ಅನುಕೂಲ ಹೋಯಿತು. ಎಲೆಕ್ಟ್ರಿಕ್ ಗಾಡಿಗೆ 5 ಪರ್ಸೆಂಟೇ ಉಳಿದಿದೆ. ಇಂಧನ ಉಳಿಸುವ ಗಾಡಿಯನ್ನೂ ದೊಡ್ಡ ಡೀಸೆಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಮುಂದಿನ ಗಾಲಿಯ ಎಳೆತದ ಬಗ್ಗೆ ಇರುವ ಆತಂಕಕ್ಕೆ ನಮ್ಮ ಕಡೆ ಹೆಚ್ಚು ಅರ್ಥವಿದೆ. ಗಾಡಿಯಲ್ಲಿ ಏಳು ಮಂದಿ ಕೂತು ಹಿಂದೆ ಸಾಮಾನು ತುಂಬಿದರೆ ಭಾರ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಏರಿನಲ್ಲಿ ಇನ್ನೂ ಹಿಂದಕ್ಕೆ ಸರಿಯುತ್ತದೆ. ಕ್ರಿಸ್ಟಾಕ್ಕೆ ಇದು ಒಳ್ಳೆಯದು, ಎಳೆಯುವ ಗಾಲಿಯ ಮೇಲೆಯೇ ಭಾರ ಬಿದ್ದು ಹಿಡಿತ ಸಿಗುತ್ತದೆ. ಹೈಕ್ರಾಸ್‌ನಲ್ಲಿ ಎಳೆಯುವ ಮುಂದಿನ ಗಾಲಿ ಹಗುರಾಗುತ್ತದೆ. ಡಾಂಬರು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಗದಗ, ನರಗುಂದ, ರೋಣದ ಕಡೆ ಮಳೆ ಬಿದ್ದ ಎರೆ ಮಣ್ಣನ್ನು ಬಲ್ಲವರಿಗೆ ಗೊತ್ತು, ಅದು ಟೈರಿಗೆ ಮೆತ್ತಿಕೊಂಡು ಟೈರಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಆಗ ಹಿಂದಿನ ಗಾಲಿಯ ಎಳೆತದವರೂ ಪಾರಾಗುವುದು ಕಷ್ಟ, ಮುಂದಿನದು ಇನ್ನೂ ಬೇಗ ಸೋಲುತ್ತದೆ. ದಿನಾ ಹೊಲಕ್ಕೆ ಗಾಡಿ ಒಯ್ಯುವವರಿಗೆ ಹೈಕ್ರಾಸ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

ಘಾಟಿನ ಮಾತು ಬೇರೆ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಅಂಕೋಲಾಕ್ಕೆ ಹೋಗುವ ದಾರಿಯ ಅರಬೈಲ್ ಘಾಟನ್ನೇ ತಗೊಳ್ಳಿ. ಇಳಿಯುವಾಗ ಬ್ಯಾಟರಿ ಮೀಟರ್ ಸರಸರನೆ ಏರುತ್ತದೆ. ಬ್ಯಾಟರಿ ಸಣ್ಣದು, ಬೇಗ ತುಂಬಿಬಿಡುತ್ತದೆ. ಆಮೇಲೆ ಎಂಜಿನ್ ತಾನಾಗಿ ಜೋರು ಸದ್ದು ಮಾಡತೊಡಗುತ್ತದೆ. ಗಾಡಿ ಕೆಟ್ಟಿತೇನೋ ಅಂತ ಗಾಬರಿಯಾಗುವವರು ಇದ್ದಾರೆ. ಬ್ಯಾಟರಿಯಲ್ಲಿ ಜಾಗ ಇಲ್ಲದಾಗ ಹೆಚ್ಚುವರಿ ಶಕ್ತಿಯನ್ನು ಖರ್ಚು ಮಾಡಲು ಸಿಸ್ಟಂ ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ತಿರುಗಿಸುತ್ತದೆ. ಎಂಜಿನ್ ಬ್ರೇಕಿಂಗ್ ಸಿಗುತ್ತದೆ, ಬ್ರೇಕ್ ಬಿಸಿಯಾಗುವುದು ತಪ್ಪುತ್ತದೆ. ಆ ಸದ್ದು ನಿಮ್ಮ ಒಳ್ಳೆಯದಕ್ಕೇ.

‘ಬ್ಯಾಟರಿ ಹೋದರೆ ಏನು ಗತಿ?’ ಈ ಪ್ರಶ್ನೆ ಕೇಳದವರೇ ಇಲ್ಲ. ಹೈಕ್ರಾಸ್‌ನಲ್ಲಿ ಇರುವುದು ಮೊಬೈಲಿನ ಲಿಥಿಯಂ ಥರದ ಬ್ಯಾಟರಿ ಅಲ್ಲ, ನಿಕಲ್ ಮೆಟಲ್ ಹೈಡ್ರೈಡ್. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾಲದಿಂದಲೂ ಟೊಯೋಟಾ ಬಳಸುತ್ತ ಬಂದಿರುವ ಜಾತಿ. ತೂಕ ಜಾಸ್ತಿ, ಆದರೆ ತಾಳಿಕೆ ಒಳ್ಳೆಯದು. ಸಿಸ್ಟಂ ಅದನ್ನು ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ, ನಡುವಿನ ಮಟ್ಟದಲ್ಲೇ ಆಡಿಸುತ್ತದೆ. ಆಯುಷ್ಯ ಹೆಚ್ಚಲು ಅದೇ ಕಾರಣ. ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಮನೆ ಬಳಕೆಯವರಿಗೆ ಇದು ಸಾಕಷ್ಟು ನೆಮ್ಮದಿ. ವರ್ಷಕ್ಕೆ ಎಂಬತ್ತು ಸಾವಿರ ಕಿ.ಮೀ. ಓಡಿಸುವ ಹಳದಿ ಬೋರ್ಡಿನವರಿಗೆ ಎರಡೇ ವರ್ಷದಲ್ಲಿ ವಾರಂಟಿ ಮುಗಿಯುತ್ತದೆ. ಅವರ ಅನುಮಾನವನ್ನು ಸುಮ್ನೆ ಹಳೇ ಕಾಲದ ಮಾತು ಅಂತ ತಳ್ಳಿಹಾಕುವಂತಿಲ್ಲ.

ಇದಕ್ಕೇ ಸೇರಿದ ಇನ್ನೊಂದು ವಿಷಯ ರಿಪೇರಿ. ಡೀಸೆಲ್ ಇನ್ನೋವಾವನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ನಮ್ಮ ಗೋಕುಲ ರೋಡಿನಲ್ಲೂ ಸಿಗುತ್ತಾರೆ, ಗದಗದಲ್ಲೂ ಸಿಗುತ್ತಾರೆ. ಹೈಬ್ರಿಡ್‌ನ ಕಿತ್ತಳೆ ಬಣ್ಣದ ದಪ್ಪ ವೈರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಇರುತ್ತದೆ. ತರಬೇತಿ ಇಲ್ಲದವರು ಅದನ್ನು ಮುಟ್ಟಲೇಬಾರದು. ಆಯಿಲ್, ಫಿಲ್ಟರ್, ಟೈರ್ ಕೆಲಸ ಎಲ್ಲಿಯಾದರೂ ಮಾಡಿಸಬಹುದು, ಹೈಬ್ರಿಡ್ ಭಾಗಕ್ಕೆ ಮಾತ್ರ ಕಂಪನಿಯ ಸರ್ವಿಸ್ ಸೆಂಟರೇ ಗತಿ. ಇಂಥ ಬ್ಯಾಟರಿಯನ್ನು ಟೊಯೋಟಾ ಗಾಡಿಯ ಒಳಗಿನ ಗಾಳಿಯಿಂದಲೇ ತಂಪು ಮಾಡುತ್ತದೆ. ಆ ಗಾಳಿ ದಾರಿಯ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗುತ್ತದೆ. ನಮ್ಮ ಕಡೆಯ ಧೂಳಿಗೆ ಪ್ರತಿ ಸರ್ವಿಸ್‌ನಲ್ಲೂ ಅದನ್ನು ಸ್ವಚ್ಛ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ಕಂಪನಿಗೂ ಈ ಎರಡು ಬಣಗಳ ಅರಿವಿತ್ತು ಅನಿಸುತ್ತದೆ. 2023ರಲ್ಲಿ ಅದು ಕ್ರಿಸ್ಟಾವನ್ನು ಡೀಸೆಲ್ ಎಂಜಿನ್, ಕೈಯಿಂದ ಹಾಕುವ ಗಿಯರ್‌ನೊಂದಿಗೆ ಮತ್ತೆ ತಂದು ಹೈಕ್ರಾಸ್ ಪಕ್ಕದಲ್ಲೇ ಮಾರಾಟಕ್ಕಿಟ್ಟಿತು. ಹೊಸದನ್ನು ತಂದು ಹಳೆಯದನ್ನು ಉಳಿಸಿಕೊಂಡ ಆ ತೀರ್ಮಾನ ನನಗೆ ಬಹಳ ಹಿಡಿಸಿತು. ಇತ್ತ ಹೈಕ್ರಾಸ್‌ಗೂ ಬೇಡಿಕೆ ಎಷ್ಟಿತ್ತೆಂದರೆ, ಮೇಲಿನ ಮಾಡೆಲ್‌ಗಳ ಬುಕಿಂಗನ್ನೇ ಕೆಲ ಕಾಲ ನಿಲ್ಲಿಸಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಎಥೆನಾಲ್‌ನಲ್ಲಿ ಓಡುವ ಹೈಕ್ರಾಸ್ ಮಾದರಿಯೊಂದನ್ನು ದೆಹಲಿಯಲ್ಲಿ ಸಚಿವ ನಿತಿನ್ ಗಡ್ಕರಿ ಅನಾವರಣ ಮಾಡಿದರು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಎವರೇಜ್ ಇಳಿಯುತ್ತದೆ. ಆ ನಷ್ಟವನ್ನು ಹೈಬ್ರಿಡ್ ಮೋಟರ್ ಸ್ವಲ್ಪ ತುಂಬುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ಎಥೆನಾಲ್ ಗೋವಿನಜೋಳದಿಂದಲೂ ತಯಾರಾಗುತ್ತದೆ, ಹಾವೇರಿಯ ಗೋವಿನಜೋಳದ ರೈತರಿಗೆ ಅದು ಬೆಲೆಯ ಪ್ರಶ್ನೆ, ಹಾಗಾಗಿ ಈ ಗಾಡಿಯ ಮುಂದಿನ ದಾರಿಯನ್ನು ನಾನು ಆಸೆಯಿಂದ ನೋಡುತ್ತಿದ್ದೇನೆ.

ಕೊನೆಗೆ ಟೆಸ್ಟ್ ಡ್ರೈವ್ ಬಗ್ಗೆ. ಷೋರೂಮಿನವರು ಸಾಮಾನ್ಯವಾಗಿ ಒಬ್ಬಿಬ್ಬರನ್ನು ಕೂರಿಸಿ, ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಎತ್ತರದ ಮಗನನ್ನು ಮೂರನೇ ಸಾಲಿನಲ್ಲಿ ಕೂರಿಸಿ, ಹಿರಿಯರಿಗೆ ಹತ್ತಿ ಇಳಿದು ನೋಡಲು ಹೇಳಿ. ಉಣಕಲ್ ಕಡೆಯಿಂದ ನೃಪತುಂಗ ಬೆಟ್ಟದ ಏರು ಹತ್ತಿಸಿ, ಎಂಜಿನ್ ಸದ್ದು ನಿಮ್ಮ ಕಿವಿಗೆ ಒಗ್ಗುತ್ತದೆಯೇ ಕೇಳಿ. ಇಳಿಯುವಾಗ ಬ್ರೇಕ್ ಹೇಗಿದೆ ನೋಡಿ. ಆಮೇಲೆ ಸಂಜೆ ಆರರ ಹೊತ್ತಿಗೆ ಚನ್ನಮ್ಮ ಸರ್ಕಲ್ ಕಡೆ ತಿರುಗಿಸಿ. ಬೇಡ ಅಂದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ, ಆದರೆ ಅದೇ ದಾರಿಯಲ್ಲಿ ಓಡಿಸದೆ ಬುಕಿಂಗ್ ಹಣ ಕಟ್ಟಬೇಡಿ.